ಗುಡ್ಡದ ಮೇಲಿದ್ದವನ ‘ಹೂಂ’

ಹೊಸ ಶಕೆ ನಾನೂರ ಹನ್ನೆರಡು, ಹದಿಮೂರನೆಯ ತಿಂಗಳು, ದಿನ ನಲವತ್ತು
ಚಿತ್ರದುರ್ಗದ ಮೇಲುಪೇಟೆ

ಮಾನ್ಯ ಸರ್ವಮಂಗಳಮ್ಮನವರಿಗೆ ಗಾದ್ರಿಗುಡ್ಡದ ತಿಪ್ಪಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಪಕ್ಕಕ್ಕೆ ಹಾಕಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ದಿನಗಳ ಲೆಕ್ಕವಿಲ್ಲ. ಮೊದಲ ಮಳೆ ಬಿದ್ದಾಗ ಅದು ಮುಗಿಯುತ್ತದೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಅಳಿದುಳಿದ ಲಗ್ನಪತ್ರಿಕೆಗಳಿಂದ, ಬಸ್ಸಿನ ಬೋರ್ಡುಗಳಿಂದ, ಅಡುಗೆ ಹೇಳಿಕೊಡುವ ಹೆಂಗಸರ ವಿಡಿಯೋಗಳಿಂದ. ನಡುವೆ ಎಲ್ಲಾದರೂ ‘ರುಚಿಗೆ ತಕ್ಕಷ್ಟು’ ಎಂದುಬಿಟ್ಟರೆ ನಗಬೇಡಿ.

ವಿಷಯಕ್ಕೆ ಬರುತ್ತೇನೆ. ಬರುವ ಗುರುವಾರ ಮಧ್ಯಾಹ್ನ ನಿಮ್ಮ ಕಂಪನಿಯ ಓಬಳೇಶ ರಿಪೇರಿಗೆಂದು ಗಾಳಿಯಂತ್ರದ ತಲೆಯೊಳಗೆ ಇರುತ್ತಾನೆ. ಅವನು ಜೀವಸಹಿತ ಕೆಳಗಿಳಿಯುತ್ತಾನೋ ಇಲ್ಲವೋ ಎಂಬುದು ನೀವು ಮಾಡಿರುವ ಒಂದು ಏರ್ಪಾಟಿನ ಮೇಲೆ ನಿಂತಿದೆ. ಮನೆಯಿಂದ ಕೆಲಸ ಮಾಡುವವರು ಆಫೀಸಿನ ಕಂಪ್ಯೂಟರನ್ನು ಹೇಗೆ ಮುಟ್ಟಬೇಕು ಎಂಬ ಏರ್ಪಾಟು ಅದು. ಎಲ್ಲರ ಗೊಣಗಾಟ ಕೇಳಿ ಕೇಳಿ ಬೇಸತ್ತು ಅದನ್ನು ನಾಳೆಯೇ ತೆಗೆಸಿಬಿಡಬೇಕೆಂದು ನೀವು ಮನಸ್ಸು ಮಾಡಿದ್ದೀರಿ. ತೆಗೆಸಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಕಾಗದ. ಓಬಳೇಶ ನನ್ನ ವಂಶದ ಹಿರಿಯ. ಅವನಿಂದ ನನಗೆ ಹದಿನಾಲ್ಕು ತಲೆಮಾರು.

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ನೀವು ಕೇಳುವುದು ನ್ಯಾಯವೇ. ನಮ್ಮಲ್ಲಿ ಕವಲುಗನ್ನಡಿ ಎಂಬುದೊಂದಿದೆ. ನಡೆದದ್ದನ್ನೂ ನಡೆದುಬಿಡಬಹುದಾಗಿದ್ದುದನ್ನೂ ಅದು ಅಕ್ಕಪಕ್ಕದಲ್ಲಿ ತೋರಿಸುತ್ತದೆ. ಯಾವುದು ನಿಜವೆಂದು ಮಾತ್ರ ಹೇಳುವುದಿಲ್ಲ. ಜನ್ಮದಲ್ಲಿ ಒಮ್ಮೆ ನೋಡಬಹುದು, ನೋಡಿದವರು ಹಿಂದಿನ ಕಾಲಕ್ಕೆ ಒಂದು ಕಾಗದ ಬರೆಯಬಹುದು. ನಾನು ಬದುಕಿದ್ದೇನೆ ಎಂದಮೇಲೆ ಓಬಳೇಶನೂ ಬದುಕಿದ ಎಂದೇ ಅರ್ಥವಲ್ಲವೆ ಎಂದು ನನ್ನ ಗಂಡ ವಾದಿಸುತ್ತಾರೆ. ಅದನ್ನು ನಂಬಿ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ.

ಕನ್ನಡಿಯಲ್ಲಿ ನಾನು ಕಂಡ ನಿಮ್ಮ ಕಂಪನಿ ಬಹಳ ಸಣ್ಣದು. ಕೆಳಗೆ ಬೇಕರಿ, ಮಹಡಿಯ ಮೇಲೆ ನೀವು. ಬೇರೆಯವರ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ನಿಮ್ಮ ಕಸುಬು. ಗುಡ್ಡದ ಮೇಲಿನ ಯಂತ್ರಗಳನ್ನು ನಿಲ್ಲಿಸುವುದೂ ಓಡಿಸುವುದೂ ಆ ಒಂದು ಕಂಪ್ಯೂಟರಿನಿಂದ. ಹಿರಿಯೂರಿನ ರುದ್ರಾಣಿಗೆ ಹೆರಿಗೆಯಾದ ಮೇಲೆ ಮನೆಯಿಂದಲೇ ಕೆಲಸ ಮಾಡು ಎಂದವರು ನೀವೇ. ಅವಳನ್ನು ನೋಡಿ ಇನ್ನೂ ಕೆಲವರು ಅದೇ ಕೇಳಿದರು. ಅಲ್ಲಿಂದ, ದೂರದಿಂದ ಒಳಬರುವ ಸರಿಯಾದ ದಾರಿಯ ಹುಡುಕಾಟ ಶುರುವಾಯಿತು. ಮೊದಲಿದ್ದ ದಾರಿ ಸಲೀಸಾದದ್ದು: ಎಲ್ಲರಿಗೂ ಒಂದೇ ಪಾಸ್‌ವರ್ಡು, ಅದೂ ನಿಮ್ಮ ನಾಯಿಯ ಹೆಸರು. ಬೇಕರಿಯವನಿಗೂ ಗೊತ್ತಿದ್ದ ಗುಟ್ಟು ಅದು. ಇನ್ನೊಂದನ್ನು ಮಾರಲು ಟೈ ಕಟ್ಟಿಕೊಂಡು ಒಬ್ಬರು ಬಂದಿದ್ದರು. ಕೆಲಸದವರ ಮುಖವನ್ನು ದಿನವಿಡೀ ಕ್ಯಾಮೆರಾದಲ್ಲಿ ಹಿಡಿದಿಡುವ ವ್ಯವಸ್ಥೆ. “ಅವ್ಳು ಮಗೀಗೆ ಹಾಲು ಕುಡ್ಸೋದ್ನೂ ನಾನು ಕುಂತು ನೋಡ್ಬೇಕೇನ್ರೀ?” ಎಂದು ಕೇಳಿ, ಕಾಫಿ ಕುಡಿಸಿ ಅವರನ್ನು ಸಾಗಹಾಕಿದಿರಿ. ಆ ಮಾತು ಕೇಳಿ ಕನ್ನಡಿಯ ಮುಂದೆ ನಾನೊಬ್ಬಳೇ ನಕ್ಕೆ.

ಕಡೆಗೆ ನೀವು ಆರಿಸಿದ್ದರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕೀಲಿ, ಒಳಬಂದವರ ಹೆಸರು ಎಲ್ಲರಿಗೂ ಕಾಣುತ್ತದೆ. ಜೊತೆಗೆ ನೀವೇ ಹಟ ಹಿಡಿದು ಒಂದು ನಿಯಮ ಸೇರಿಸಿದಿರಿ. ನಿಂತ ಯಂತ್ರವನ್ನು ದೂರದಿಂದ ಯಾರೇ ಓಡಿಸಲು ಹೊರಟರೂ, ಅಂದು ಗುಡ್ಡಕ್ಕೆ ಹೋದವನ ಫೋನಿಗೆ ಮೊದಲು ಕೇಳಿಕೆ ಹೋಗಬೇಕು. ಅವನು ‘ಹೂಂ’ ಎಂದು ಒತ್ತಿದರೆ ಮಾತ್ರ ರೆಕ್ಕೆ ತಿರುಗಬೇಕು. ಈಗ ಎಲ್ಲರ ಸಿಟ್ಟೂ ಆ ‘ಹೂಂ’ ಮೇಲೆಯೇ. ಗುಡ್ಡದ ಹಿಂಬದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಯಂತ್ರ ಸುಮ್ಮನೆ ನಿಂತಿರುತ್ತದೆ, ಯಂತ್ರದ ಮಾಲೀಕರು ನಿಮಗೆ ಫೋನು ಮಾಡಿ ರೇಗುತ್ತಾರೆ. “ನಾಯಿ ಹೆಸ್ರೇ ವಾಸಿ ಇತ್ತು ಮೇಡಂ, ಹೊಡುದ್ರೆ ಓಪನ್ ಆಗ್ತಿತ್ತು” ಎಂದು ರುದ್ರಾಣಿ ಕೂಡ ಮೊನ್ನೆ ಅಂದಳು.

ಅಮ್ಮ, ಆ ನಿಯಮ ಮುಂದೆ ಏನಾಯಿತೆಂದು ನಿಮಗೆ ಹೇಳಲೇಬೇಕು. ನಾನು ಕೂತಿರುವುದು ಚಿತ್ರದುರ್ಗದಲ್ಲಿ, ನನ್ನ ಕೆಲಸ ಕಡಲ ತಳದಲ್ಲಿ. ಬೆಳಿಗ್ಗೆ ಮುದ್ದೆ ಉಂಡು, ಹಿತ್ತಿಲ ಕೋಣೆಯಲ್ಲಿ ದೂರಗೈ ತೊಡುತ್ತೇನೆ. ದೂರಗೈ ಎಂದರೆ ಮೊಣಕೈಯವರೆಗೆ ಬರುವ ತೆಳು ಗವಸು. ತೊಟ್ಟೊಡನೆ ಕಾರವಾರದಾಚೆ ನೀರೊಳಗಿನ ಅಣೆಗೋಡೆಯ ಬಳಿ ನನ್ನ ಎರಡು ಕೈಗಳು ಎಚ್ಚರಗೊಳ್ಳುತ್ತವೆ. ಅಲ್ಲಿನ ತಣ್ಣೀರು ಇಲ್ಲಿ ನನ್ನ ಬೆರಳಿಗೆ ತಾಗುತ್ತದೆ, ಮೀನು ಅಂಗೈಗೆ ಕಚಗುಳಿ ಇಟ್ಟು ಹೋಗುತ್ತದೆ. ನನ್ನ ಓರಗಿತ್ತಿ ಚಂದ್ರನ ಮೇಲಿನ ಗಣಿಯಲ್ಲಿ ಕಲ್ಲು ಆರಿಸಿ, ಮಧ್ಯಾಹ್ನ ಮಗುವನ್ನು ಶಾಲೆಯಿಂದ ಕರೆತರುತ್ತಾಳೆ. ನಮ್ಮ ಬೀದಿಯಲ್ಲಿ ಕೆಲಸಕ್ಕೆಂದು ಊರು ಬಿಟ್ಟವರು ಯಾರೂ ಇಲ್ಲ. ಇಷ್ಟು ವರ್ಷವಾದರೂ ಗವಸು ತೊಡುವಾಗ ನನಗೆ ಇದು ಮಾಮೂಲಿ ಅನಿಸಿಲ್ಲ.

ಆದರೆ ಆ ಕೈಗಳು ತಮ್ಮಷ್ಟಕ್ಕೆ ಅಲುಗುವಂತಿಲ್ಲ. ಅಲ್ಲಿ ನೀರೊಳಗೆ ನಿಜವಾದ ಮೈ ಇಟ್ಟುಕೊಂಡು ನಿಂತ ಒಬ್ಬ ಮನುಷ್ಯ ಇರುತ್ತಾನೆ. ಅವನನ್ನು ಹೂಂಗಾರ ಎನ್ನುತ್ತೇವೆ. ನಾನು ನನ್ನ ಹೆಸರು ಹೇಳಿ ಕೇಳಬೇಕು, ಅವನು ಹೂಂ ಅನ್ನಬೇಕು. ಎಷ್ಟು ದೊಡ್ಡ ಅಧಿಕಾರಿಯಾದರೂ ಅಷ್ಟೇ. ಪೆಟ್ಟು ಯಾರಿಗೆ ಬೀಳಬಹುದೋ ಕೀಲಿ ಅವರ ಕೈಯಲ್ಲಿರಬೇಕು ಎಂಬುದು ನಮ್ಮ ಕಾಲದ ಮೊದಲ ಕಾನೂನು. ಅಣೆಕಟ್ಟಿನ ಬಾಗಿಲು ತೆಗೆಯುವ ಮುನ್ನ ಕೆಳಗಿನ ಊರಿನ ಹೂಂ ಬೇಕು. ಕತ್ತಿ ಹಿಡಿದ ದೂರದ ವೈದ್ಯರಿಗೆ ರೋಗಿಯ ಪಕ್ಕ ನಿಂತವರ ಹೂಂ ಬೇಕು. ಇದರ ಬೇರು ಹುಡುಕುತ್ತಾ ಹೋದವರೆಲ್ಲ ದೊಡ್ಡ ದೊಡ್ಡ ರಾಜಧಾನಿಗಳಲ್ಲಿ ತಡಕಾಡಿದರು. ನಾನು ಕನ್ನಡಿಯಲ್ಲಿ ಕಂಡದ್ದು ಬೇಕರಿಯ ಮೇಲಿನ ನಿಮ್ಮ ಕೋಣೆಯನ್ನು. ನಿಮ್ಮನ್ನು ನೋಡಿ ಪಕ್ಕದ ಕಂಪನಿಯವರು, ಅವರನ್ನು ನೋಡಿ ಇನ್ನೊಬ್ಬರು, ಹೀಗೆ ಹಬ್ಬಿತು. ಇದು ನಿಮಗೆ ಯಾವತ್ತೂ ಗೊತ್ತಾಗಲಿಲ್ಲ.

ಇನ್ನು ಗುರುವಾರದ ಮಾತು. ಓಬಳೇಶ ನಿಮಗೆ ಹೇಳಿ ಹೋಗುವುದು ಹನ್ನೊಂದನೆಯ ಯಂತ್ರಕ್ಕೆ. ಅಲ್ಲಿ ಬಾಗಿಲ ಮೇಲೆಯೇ ಹೆಜ್ಜೇನು ಕಟ್ಟಿರುತ್ತದೆ. ಬಂದದ್ದು ದಂಡವಾಗಬಾರದೆಂದು ಅವನು ಒಂಬತ್ತನೆಯದನ್ನು ನಿಲ್ಲಿಸಿ ಹತ್ತುತ್ತಾನೆ. ಅದರ ಬುಡದಲ್ಲಿ ದೂರದಿಂದ ಯಾರೂ ಓಡಿಸದಂತೆ ತಡೆಯುವ ಸ್ವಿಚ್ಚು ಕೆಟ್ಟು ಬಹಳ ದಿನವಾಗಿದೆ, ಹೊಸದು ಇನ್ನೂ ಬಂದಿಲ್ಲ. ನಿಮಗೆ ಫೋನು ಮಾಡಿ ತಿಳಿಸಬೇಕೆಂದು ಅವನಿಗೆ ಹೊಳೆಯುವುದಿಲ್ಲ. ಅಷ್ಟರಲ್ಲಿ ವಾರದಿಂದ ಇಲ್ಲದ ಗಾಳಿ ಏಳುತ್ತದೆ. ಹಿರಿಯೂರಿನಲ್ಲಿ ರುದ್ರಾಣಿ ಪರದೆ ನೋಡುತ್ತಾಳೆ. ಒಂಬತ್ತನೆಯದು ಸುಮ್ಮನೆ ನಿಂತಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ತಿಳಿದ, ಒಳ್ಳೆಯ ಕೆಲಸಗಾರ್ತಿ ಅವಳು. ಓಡಿಸಲು ಒತ್ತುತ್ತಾಳೆ.

ಒಂದು ಕವಲಿನಲ್ಲಿ ರೆಕ್ಕೆ ತಿರುಗುತ್ತದೆ. ನಾನು ನೋಡಿದ್ದನ್ನು ಬರೆಯುವುದಿಲ್ಲ. ಆಮೇಲೆ ರುದ್ರಾಣಿ ಆ ಮಗುವನ್ನು ಎತ್ತಿಕೊಳ್ಳಲಾರದೆ ಕೂತಿದ್ದಳು ಎಂದಷ್ಟೇ ಹೇಳುತ್ತೇನೆ. ಇನ್ನೊಂದು ಕವಲಿನಲ್ಲಿ ಓಬಳೇಶನ ಜೇಬಿನಲ್ಲಿ ಫೋನು ಗುಂಯ್ ಎನ್ನುತ್ತದೆ. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸಿಡಿಮಿಡಿಗೊಂಡು ಬೇಡ ಎಂದು ಒತ್ತಿ, ಮತ್ತೆ ಬೋಲ್ಟು ಬಿಗಿಯುತ್ತಾನೆ. ಆ ಕವಲಿನಲ್ಲಿ ಮತ್ತೇನೂ ನಡೆಯುವುದಿಲ್ಲ. ಏನೂ ನಡೆಯದ ಆ ಮಧ್ಯಾಹ್ನವನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ, ನೋಡುತ್ತಾ ಅತ್ತೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಅದನ್ನು ತೆಗೆಸಬೇಡಿ. ಸಿಗ್ನಲ್ಲಿಗೆ ಬೇರೆ ದಾರಿ ಹುಡುಕಿ, ಮಾಲೀಕರು ರೇಗಿದರೆ ರೇಗಲಿ. ಈ ಕಾಗದದ ವಿಷಯ ಓಬಳೇಶನಿಗೂ ರುದ್ರಾಣಿಗೂ ಹೇಳಬೇಡಿ. ಇಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡಲಿ. ಗುರುವಾರ ಸಂಜೆ ಓಬಳೇಶ ನೇರ ನಿಮ್ಮ ಆಫೀಸಿಗೆ ಬರುತ್ತಾನೆ, ಚಪ್ಪಲಿ ಕೂಡ ಬಿಡದೆ. “ಏನ್ ಮೇಡಮ್ನೋರೆ, ಮೇಲ್ಗಡೆ ಒಂದು ಕೈ ಖಾಲಿ ಇರಲ್ಲ, ನಿಮ್ದೊಂದು ಈ ಫೋನಿನ ಕಾಟ” ಎಂದು ಶುರುಮಾಡುತ್ತಾನೆ. ನಡುವೆ ಬಾಯಿ ಹಾಕಬೇಡಿ. ಅವನು ಗೊಣಗಿ ಮುಗಿಸುವ ತನಕ ಕೇಳಿಸಿಕೊಳ್ಳಿ. ಹದಿನಾಲ್ಕು ತಲೆಮಾರಿನವರು ಆ ಗೊಣಗಾಟಕ್ಕೇ ಕಿವಿಗೊಟ್ಟು ಕೂತಿದ್ದೇವೆ.

ಇಂತಿ ನಿಮ್ಮ
ತಿಪ್ಪಕ್ಕ