ಟ್ರೆಂಟನ್ನಿಗೆ ಹೋಗುತ್ತಿದ್ದ ರೈಲು

ರೇಣು,

ನೀನು ಗಂಡನನ್ನು ಬಿಟ್ಟು ಟ್ರೆಂಟನ್ನಿಗೆ ಹೋದ ಮೇಲೆ, ನಿನ್ನ ಹೆಸರೆತ್ತಿದರೆ ನಮ್ಮನೆಯವರು ಊಟ ಬಿಟ್ಟು ಏಳುತ್ತಾರೆ. ಅದಕ್ಕೇ ಇದನ್ನು ಕಳಿಸುವುದಿಲ್ಲ. ಆದರೂ ಇವತ್ತಿನ ಸಂಗತಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಕೆಂಡಲ್ ಪಾರ್ಕಿನ ಈ ಮನೆಯಿಂದ ಕಾರಿಲ್ಲದೆ ಹಾಲು ತರಲೂ ಆಗದು, ನಿನಗೆ ಗೊತ್ತೇ ಇದೆ. ನೀನು ನನಗೆ ಡ್ರೈವಿಂಗ್ ಕಲಿಸುತ್ತಿದ್ದೆ, ನೀನು ಹೋದ ಮೇಲೆ ಅದೂ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಮನೆಯೊಳಗೆ ಕೂರಲಾಗದೆ, ಹೈಟೆನ್ಷನ್ ತಂತಿಗಳ ಕೆಳಗಿನ ಒದ್ದೆ ಹುಲ್ಲಿನಲ್ಲಿ ಸುಮ್ಮನೆ ನಡೆಯುತ್ತ ಹೋದೆ. ಹಳ್ಳದ ಎರಡೂ ದಡದಲ್ಲಿ ಹಳೆಯ ಕಾಂಕ್ರೀಟ್ ಕಟ್ಟೆಗಳಿದ್ದವು. ನಡುವೆ ಸೇತುವೆ ಇರಲಿಲ್ಲ. ನಾಯಿಯ ಜೊತೆ ಬಂದ ಮುದುಕಿಯೊಬ್ಬಳು ಅದೇನೆಂದು ಹೇಳಿದಳು. ಬಹಳ ಹಿಂದೆ ಇಲ್ಲಿ ನೆವಾರ್ಕಿನಿಂದ ಟ್ರೆಂಟನ್ನಿನವರೆಗೆ ಕರೆಂಟ್ ರೈಲು ಓಡುತ್ತಿತ್ತಂತೆ. ಕಾರು, ಬಸ್ಸು ಹೆಚ್ಚಾದ ಮೇಲೆ ನಿಂತುಹೋಯಿತಂತೆ. ಅವಳ ಅಜ್ಜಿ ಯಾರನ್ನೂ ಕೇಳದೆ ಅದನ್ನು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳಂತೆ.

ಮುದುಕಿ ಹೋದ ಮೇಲೆ ಕಟ್ಟೆ ಹತ್ತಿ, ಆಚೆ ದಡ ನೋಡುತ್ತ ನಿಂತೆ. ಅಷ್ಟರಲ್ಲಿ ನಮ್ಮನೆಯವರ ಫೋನ್ ಬಂತು.

"ಲೊಕೇಶನ್ ಹಳ್ಳದ ಹತ್ರ ತೋರಿಸ್ತಿದೆ, ಏನ್ ಮಾಡ್ತಿದೀಯ ಅಲ್ಲಿ? ಅಲ್ಲೇ ಇರು, ಬರ್ತೀನಿ."

ಸಿಟ್ಟು ಮಾಡಲಿಲ್ಲ, ರೇಣು. ಮೀಟಿಂಗ್ ಬಿಟ್ಟು ಬಂದರು. ನನ್ನ ಒದ್ದೆ ಶೂ ನೋಡಿ ಕಾರಿನ ಹೀಟರ್ ಜೋರು ಮಾಡಿದರು. ರೈಲಿನ ಕತೆ ಹೇಳಿದಾಗ ನಕ್ಕರು.

"ನಿಂಗ್ಯಾಕೆ ರೈಲು? ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಡ್ರಾಪ್ ಮಾಡ್ತೀನಿ."

ಗಾಡಿ ಸ್ಟಾರ್ಟ್ ಮಾಡದೆ, ನನ್ನ ಉತ್ತರಕ್ಕಾಗಿ ನಿಜವಾಗಿಯೂ ಕಾದರು.

"ಮನೆಗೇ ಹೋಗೋಣ" ಅಂದೆ.