ಮೈಸೂರು ಸೇರಿದ ದಿನದ ಸಕ್ಕರೆ

ಭಾಲ್ಕಿ
೧೮ ಡಿಸೆಂಬರ್ ೧೯೫೬

ಮುದ್ದಿನ ಮಗಳು ಈರಮ್ಮನಿಗೆ ನಿನ್ನ ಅವ್ವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಬೀದರದ ಚಳಿಗೆ ನಿನ್ನ ಕೆಮ್ಮು ಹೇಗಿದೆ, ಬರೆ. ಕಾಗದ ತಡವಾಯಿತೆಂದು ಸಿಟ್ಟಾಗಬೇಡ. ತೊಗರಿಯ ಕೆಲಸ ಒಂದು ನೆಪ ಅಷ್ಟೆ. ಮನಸ್ಸಿನಲ್ಲೊಂದು ಸಂಶಯ ಹೊಕ್ಕಿದೆ, ಪೂರ್ತಿ ತಿಳಿಯದೆ ಬರೆಯಬಾರದೆಂದು ಸುಮ್ಮನಿದ್ದೆ.

ನಿಮ್ಮಪ್ಪ ಈಗ ಬಹಳ ಒಳ್ಳೆಯವರಾಗಿದ್ದಾರೆ. ಅದೇ ನನಗೆ ಸರಿ ಕಾಣುತ್ತಿಲ್ಲ. ಅಡಿಗೆಗೆ ಹೆಸರಿಡದ ದಿನವೇ ಇರಲಿಲ್ಲ, ಈಗ ಸೀದ ರೊಟ್ಟಿಯನ್ನೂ ಹೊಗಳುತ್ತಾರೆ. ಬರುವ ಚುನಾವಣೆಯ ಕೆಲಸವೆಂದು ಔರಾದಕ್ಕೆ ಹೋಗುತ್ತಾರೆ, ಇಳಿದುಕೊಳ್ಳುವುದು ಮಾತ್ರ ಕಾಳುಕಡಿಯ ದಲ್ಲಾಳಿ, ಅಡತಿ ಅಂಗಡಿಯ ಶಿವರಾಜಪ್ಪನವರ ಮನೆಯಲ್ಲಿ. ಅವರಿಗೆ ಮದುವೆಯ ವಯಸ್ಸಿನ ಮಗನಿದ್ದಾನೆ. ನಿನ್ನ ಟೀಚರ್ ಟ್ರೇನಿಂಗ್ ಮುಗಿಯಲು ಇನ್ನೂ ಒಂದು ವರ್ಷವಿದೆ. ಆ ಮನೆಯ ಸೊಸೆಯಂದಿರು ಹೊಸ್ತಿಲು ದಾಟುವುದಿಲ್ಲ, ಶಾಲೆಗೆ ಹೋಗಿ ಪಾಠ ಹೇಳುವ ಮಾತಂತೂ ದೂರ.

ನಮ್ಮಲ್ಲಿ ಗಂಡಸರು ಎಷ್ಟೇ ಮಾತಾಡಿ ಮುಗಿಸಲಿ, ಹುಡುಗನ ಮನೆಯ ಸಕ್ಕರೆಯನ್ನು ಹುಡುಗಿಯ ತಾಯಿ ತಿನ್ನುವ ತನಕ ಸಂಬಂಧ ಕೂಡಿದಂತಲ್ಲ. ಸಕ್ಕರೆ ನನ್ನ ಮುಂದೆ ಬಂದೇ ಇಲ್ಲವಲ್ಲ ಎಂದು ಧೈರ್ಯವಾಗಿದ್ದೆ.

ಮೊನ್ನೆ ಸಂತೆಯಲ್ಲಿ ಶಿವರಾಜಪ್ಪನವರ ತಂಗಿ ಗಂಗುಬಾಯಿ ಸಿಕ್ಕಳು. ನನ್ನನ್ನು ಬೀಗತಿ ಎಂದು ಕರೆದಳು. ನಾನು ಯಾವಾಗ ಬೀಗತಿಯಾದೆ ಎಂದು ಕೇಳಿದರೆ, "ಹಿಂಗ್ಯಾಕ ಕೇಳ್ತೀರಿ? ದೀಪಾವಳ್ಯಾಗ ನಮ್ಮ ಸಕ್ರಿ ತಿಂದೀರಲ್ರಿ" ಅಂದಳು. ಆಗ ಹೊಳೆಯಿತು. ನೀನು ದೀಪಾವಳಿಗೆ ಊರಿಗೆ ಬಂದಿದ್ದಾಗ, ನಾವು ಮೈಸೂರು ರಾಜ್ಯ ಸೇರಿದ ದಿನ ನಿಮ್ಮಪ್ಪ ಕೆಂಪು ಬಟ್ಟೆಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬಂದು, ಹೊಸ ರಾಜ್ಯ ಬಂತು, ಎಲ್ಲರೂ ಬಾಯಿ ಸಿಹಿ ಮಾಡಿಕೊಳ್ಳಿ ಎಂದಿದ್ದರಲ್ಲ. ಊರೆಲ್ಲ ಪೇಢೆ ಹಂಚುತ್ತಿದ್ದಾಗ ನಮ್ಮ ಮನೆಗೆ ಮಾತ್ರ ಸಕ್ಕರೆ ಯಾಕೆ?

ಭಾಗೀರಥಿಬಾಯಿ ಟೀಚರು ಸಂಜೆ ಓಣಿಯ ಹೆಂಗಸರಿಗೆ ಮತದಾನದ ಪಾಠ ಹೇಳುತ್ತಾರೆ. ಅಮೇರಿಕದಲ್ಲಿ ಹೆಂಗಸರಿಗೆ ಮತ ಕೊಡುವ ಸಂವಿಧಾನದ ತಿದ್ದುಪಡಿಗೆ ನಮ್ಮ ದಿಲ್ಲಿಯ ಪಾರ್ಲಿಮೆಂಟಿನಂಥ ದೊಡ್ಡ ಸಭೆ ಒಪ್ಪಿದರೂ ಸಾಲಲಿಲ್ಲವಂತೆ. ಮುಕ್ಕಾಲು ಪಾಲು ರಾಜ್ಯಗಳು ಹ್ಞೂಂ ಅನ್ನಬೇಕಿತ್ತಂತೆ. ಕಡೆಗೆ ಬೇಕಿದ್ದ ಒಂದು ರಾಜ್ಯದಲ್ಲಿ ತರುಣ ಸದಸ್ಯನೊಬ್ಬ ತಾಯಿಯ ಕಾಗದ ಓದಿ ಹ್ಞೂಂ ಅಂದನಂತೆ. ಹೆಂಗಸರೆಲ್ಲ ಆ ತಾಯಿಯನ್ನು ಹೊಗಳಿದರು. ನಾನು ಮಾತ್ರ, ಒಮ್ಮೆ ಹ್ಞೂಂ ಅಂದವರು ಆಮೇಲೆ ಒಲ್ಲೆ ಅನ್ನಬಹುದೇ ಎಂದು ಕೇಳಿದೆ. ಅದಕ್ಕೂ ಹಿಂದೆ ಬೇರೊಂದು ತಿದ್ದುಪಡಿಯಲ್ಲಿ ಹಾಗೆ ಹಿಂದೆ ಸರಿದ ರಾಜ್ಯಗಳನ್ನೂ ಒಪ್ಪಿದವರಲ್ಲೇ ಎಣಿಸಿದರು ಎಂದರು ಟೀಚರು. ಮೋಸದಿಂದ ಹ್ಞೂಂ ಅನ್ನಿಸಿದ್ದರೆ ಎಂದು ಮತ್ತೆ ಕೇಳಿದೆ. "ಅದನ್ನ ನಾ ಯಾವ ಪುಸ್ತಕದಾಗೂ ಓದಿಲ್ರಿ" ಎಂದು ನನ್ನ ಮುಖ ನೋಡಿದರು. ನನಗೆ ಅಳು ಬಂತು, ಸೆರಗು ಅಡ್ಡ ಹಿಡಿದೆ.

ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ಓದು. ಬಸವಣ್ಣ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅವ್ವ,
ಸುಮಿತ್ರಾಬಾಯಿ

ತಾ.ಕ.: ನಿಮ್ಮಪ್ಪನನ್ನು ಇವತ್ತು ಕೇಳಿಯೇಬಿಟ್ಟೆ. ಅವರು ತಲೆ ತಗ್ಗಿಸಲಿಲ್ಲ. "ನಾ ಬರೇ ತಂದೀನಿ. ನಿನ್ನ ಬಾಯಾಗ ಹಾಕಿದಾಕಿ ಯಾರು, ನೆನಪು ಮಾಡ್ಕೊ" ಅಂದರು. ಹಾಕಿದವಳು ನೀನು, ಈರಮ್ಮ. ನಗುತ್ತಾ ಹಾಕಿದ್ದೆ. ಗೊತ್ತಿಲ್ಲದೆ ಹಾಕಿದ್ದರೆ ಮೊದಲ ಗಾಡಿಗೆ ಬಾ, ಇಬ್ಬರೂ ಔರಾದಕ್ಕೆ ಹೋಗಿ ಒಲ್ಲೆವೆಂದು ಹೇಳಿ ಬರೋಣ. ಗೊತ್ತಿದ್ದೇ ಹಾಕಿದ್ದರೆ, ಆ ಹುಡುಗ ನಿನ್ನ ಮನಸ್ಸಿಗೆ ಬಂದಿದ್ದರೆ, ನನ್ನನ್ನು ಒಂದು ಮಾತು ಕೇಳಬೇಕಿತ್ತು ಮಗಳೆ. ನಾನು ಹ್ಞೂಂ ಅನ್ನುತ್ತಿದ್ದೆ.