ಅರವತ್ತೆರಡು ಕೆಟ್ಟ ಮಷೀನು

ಮಾರ್ಚ್ ೧೨, ಬುಧವಾರ
ಅಂಗಡಿಯ ಹಿಂದಿನ ಕೋಣೆ

ಮಗಳೇ ಗುಬ್ಬೀ,

ಅಮ್ಮ ಕಾಗದ ಯಾಕೆ ಬರೆದಳು, ಫೋನು ಕೆಟ್ಟಿದೆಯಾ ಅನ್ನಬೇಡ. ಫೋನಿನಲ್ಲಾದರೆ ಮೂರನೇ ಮಾತಿಗೆ ಕಟ್ ಮಾಡುತ್ತೀಯ. ಕಾಗದಕ್ಕೆ ಆ ಗುಂಡಿ ಇಲ್ಲ.

ನಿನ್ನ ಚಿಕ್ಕಮ್ಮನ ಕೈಲಿ ಹೇಳಿ ಕಳಿಸಿದ್ದೆಯಲ್ಲ, ಸುಮ್ಮನೆ ನೂರಿಪ್ಪತ್ತು ಪುಟ ಬರೆದುಕೊಟ್ಟು ಸ್ನಾತಕೋತ್ತರ ಪದವಿ ತಗೊಳ್ಳಲಿ, ಈ ವಯಸ್ಸಿನಲ್ಲಿ ಯಾಕೆ ಹಟ ಅಂತ. ನಾನು ಹಾಗೆ ಮಾಡಿಲ್ಲ. ವಯಸ್ಸು ಐವತ್ಮೂರು. ಹಟ ಹಿಡಿಯಲು ಮೊದಲು ಪುರುಸೊತ್ತೇ ಇರಲಿಲ್ಲ.

ನನ್ನ ಸಂಶೋಧನೆ ಏನು ಅಂತ ನೀನು ಯಾವತ್ತೂ ಕೇಳಲಿಲ್ಲ, ಈಗ ಕೇಳಿಸಿಕೋ. ನಾವು ಹೊಲಿಗೆ ಮಷೀನ್ ರಿಪೇರಿಯವರು ಮುಚ್ಚಳ ಬಿಚ್ಚುವ ಮೊದಲೇ ಕಿವಿಯಿಂದ ಅದರ ರೋಗ ಪತ್ತೆ ಹಿಡಿಯುತ್ತೇವೆ. ಆ ಕಿವಿ ಹೇಗೆ ಪಳಗುತ್ತದೆ, ಬೇರೆಯವರಿಗೆ ಕಲಿಸಲು ಬರುತ್ತದಾ ಅನ್ನುವುದು ನನ್ನ ಪ್ರಶ್ನೆ. ಪುಟದ ಮೇಲೆ ಬರೆದರೆ ‘ಕಟಕಟ’, ‘ಕರಕರ’ ಅಂತ ಬರೆಯಬೇಕು. ಓದಿದವರು ಕೆಟ್ಟಿರುವುದು ನಾನೇ ಅಂದುಕೊಳ್ಳುತ್ತಾರೆ. ಅದಕ್ಕೇ ಅರವತ್ತೆರಡು ಕೆಟ್ಟ ಮಷೀನುಗಳ ಸದ್ದು, ಬಿಚ್ಚಿದಾಗ ಕಂಡ ದೋಷದ ಫೋಟೊ, ಒಂಬತ್ತು ವಿಡಿಯೊ, ಒಂದೊಂದಕ್ಕೂ ಅರ್ಧ ಪುಟದ ಬರಹ, ಎಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಒತ್ತಿ ಕೇಳುವ, ನೋಡುವ ಪೋರ್ಟ್‌ಫೋಲಿಯೊ ಮಾಡಿದೆ.

ಮೊದಲ ಸಲ ವಿಶ್ವವಿದ್ಯಾಲಯದ ಪರೀಕ್ಷಾ ಸಮಿತಿಯ ಮುಂದೆ ಅದು ಯಾಕೆ ಮಕಾಡೆ ಬಿತ್ತು ಅಂತ ನಿನಗೆ ಹೇಳಿರಲಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ. ಸದ್ದುಗಳ ಉದ್ದ ಕತ್ತರಿಸಿಕೊಡಲಿ ಅಂತ ಚಿಕ್ಕಮ್ಮನ ಮೂಲಕ ನಿನಗೆ ಕಳಿಸಿದ್ದೆ. ನೀನು ರೇಡಿಯೊದವಳು, ಕತ್ತರಿಸಿದ್ದಲ್ಲದೆ ಗರಗರ, ಕಿರಕಿರ ಎಲ್ಲ ತೆಗೆದು, ತೊಳೆದು ಇಸ್ತ್ರಿ ಮಾಡಿ ಕಳಿಸಿದೆ. ಆ ಗರಗರವೇ ನನ್ನ ಸಂಶೋಧನೆ ಕಣೇ.

ಕೆಳಗಿನ ದಾರ ಕೊಡುವ ಶಟಲ್ ಸವೆದಿದೆ ಅಂತ ಹೇಳಿ ಒತ್ತಿದೆ. ಮಷೀನು ಬೆಣ್ಣೆಯ ಮೇಲೆ ನಡೆದ ಹಾಗೆ ನಡೆಯಿತು. ಬಾಗಿದ ಸೂಜಿ ಅಂದೆ, ಅದೂ ಹಾಗೇ. ಹನ್ನೊಂದನೆಯದಕ್ಕೆ ಸಮಿತಿಯ ಯಜಮಾನರು, ದಪ್ಪ ಕನ್ನಡಕದ ಮೇಷ್ಟ್ರು, ಇವೆಲ್ಲ ರಿಪೇರಿ ಆದ ಮೇಲಿನ ಸದ್ದಾ ಅಂತ ಕೇಳಿದರು. ಪಕ್ಕದ ಇಬ್ಬರು ನಕ್ಕರು. ಮಾರನೇ ವಾರ ಪತ್ರ ಬಂತು: ಸದ್ದು ಪುರಾವೆಯಾಗುವುದಿಲ್ಲ, ಪ್ರಬಂಧ ಬರೆಯಿರಿ, ಬೇಕಿದ್ದರೆ ಇದನ್ನು ಕೊನೆಗೆ ಅನುಬಂಧವಾಗಿ ಲಗತ್ತಿಸಿ.

ಇಪ್ಪತ್ತೆಂಟು ವರ್ಷ ರಿಪೇರಿಯಲ್ಲಿ ಪಳಗಿದ ಕಿವಿಯನ್ನು ಬಾಲದಂತೆ ಅಂಟಿಸಲು ನಾನು ಒಪ್ಪಲಿಲ್ಲ. ಇನ್ನೊಂದು ಸಲ ತೋರಿಸುತ್ತೇನೆ ಅಂದೆ. ಗೈಡ್ ಮೇಡಂ ಗಾಬರಿಯಾದರು. ಎರಡನೇ ಸಲವೂ ಬಿದ್ದರೆ ಪ್ರಬಂಧಕ್ಕೂ ಅವಕಾಶ ಇರುವುದಿಲ್ಲ, ಮೂರು ವರ್ಷದ ಓದು ನೀರಿಗೆ ಹೋಗುತ್ತದೆ ಅಂದರು. ಹೋಗಲಿ ಅಂತ ಸಹಿ ಹಾಕಿದೆ. ತೊಳೆಯದ ಮೂಲ ಸದ್ದುಗಳನ್ನೇ ವಾಪಸು ಹಾಕಿದೆ.

ಮೊನ್ನೆ ಸೋಮವಾರ ಬಾಡಿಗೆ ಗಾಡಿಯಲ್ಲಿ ಮೂರು ಕೆಟ್ಟ ಮಷೀನು ಹೇರಿಕೊಂಡು ಹೋಗಿ, ಕಾಣದ ಹಾಗೆ ಬೋರ್ಡಿನ ಹಿಂದೆ ಇಟ್ಟೆ. ಕನ್ನಡಕದ ಮೇಷ್ಟ್ರಿಗೆ ನೇರವಾಗಿ ಹೇಳಿದೆ: “ಇವತ್ತು ಪರೀಕ್ಷೆ ನಿಮಗೆ ಮೇಷ್ಟ್ರೇ. ನಲವತ್ತು ನಿಮಿಷ ನನ್ನ ಪೋರ್ಟ್‌ಫೋಲಿಯೊ ಕೇಳಿ. ಆಮೇಲೆ ಬೋರ್ಡಿನ ಹಿಂದಿನ ಮಷೀನಿಗೆ ಏನಾಗಿದೆ ಅಂತ ನೀವೇ ಹೇಳಿ.” ಗೈಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಹುಬ್ಬು ಹಾರಿಸಿ ಹೆಡ್‌ಫೋನ್ ಹಾಕಿಕೊಂಡರು. ಅಂಗಿಯ ಗುಂಡಿಯನ್ನೂ ತಾನಾಗಿ ಹೊಲಿದುಕೊಂಡು ಅಭ್ಯಾಸವಿಲ್ಲದ ಮನುಷ್ಯ.

ಮೊದಲ ಮಷೀನು ತುಳಿದೆ. ಬೆಲ್ಟ್ ಸಡಿಲ ಅಂದರು. ಅಲ್ಲ, ಎಣ್ಣೆ ಆರಿತ್ತು. ಕುರ್ಚಿಯನ್ನು ಪಕ್ಕದ ಮಷೀನಿಗೆ ಎಳೆದುಕೊಂಡೆ. ಎರಡನೆಯದನ್ನು ನಾಲ್ಕು ಸಲವೂ ತುಳಿದಿರಲಿಲ್ಲ, ಮೇಷ್ಟ್ರು ಕೈಯೆತ್ತಿದರು. “ತಡೀರಿ, ತಡೀರಿ. ಶಟಲ್ ಸವೆದಿದೆ. ನಿಮ್ಮ ಇಪ್ಪತ್ತಮೂರನೇದರ ಥರ.” ಅಲ್ಲೇ ಬಿಚ್ಚಿ, ಸವೆದ ಶಟಲನ್ನು ಅವರ ಅಂಗೈ ಮೇಲಿಟ್ಟೆ. ಎಳೆಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡರು. ಮೂರನೆಯದೂ ಸರಿ. ಸದ್ದು ಪುರಾವೆಯಲ್ಲ ಅಂದಿದ್ದವರು ಈಗ ತಮ್ಮ ಮನೆಯ ಮಷೀನು ಬೆಳಗಿನ ಹೊತ್ತು ಕೆಮ್ಮುತ್ತದೆ, ಯಾಕಿರಬಹುದು ಅಂತ ವಿಚಾರಿಸಿದರು. ನಿಮಗೇ ಗೊತ್ತಾಗಬೇಕಲ್ಲ ಈಗ ಅಂದೆ.

ಪೋರ್ಟ್‌ಫೋಲಿಯೊ ಅನುಬಂಧವಾಗದೆ, ಸಂಶೋಧನೆಯೇ ಅಂತ ಅಂಗೀಕಾರವಾಯಿತು. ಮೊದಲ ಸಲ ಹಾಗೇಕಾಯಿತು ಅಂತ ಕಾರಣ ಬರೆದುಕೊಡಿ ಅಂದರು. ಧ್ವನಿ ಸಂಕಲನ ಮಾಡಿದವರ ತಪ್ಪು ಅಂತ ಹಾಕಿ, ಮುಗಿದುಹೋಗುತ್ತದೆ ಅಂತ ಗೈಡ್ ಮೇಡಂ ಪಿಸುಗುಟ್ಟಿದರು. ನನ್ನ ಮಗಳ ಕೆಲಸಕ್ಕೆ ತಪ್ಪು ಅಂತ ಹೆಸರಿಡಲು ನನಗೊಬ್ಬಳಿಗೇ ಹಕ್ಕು. ಅದನ್ನು ಕಡತಕ್ಕೆ ಕೊಡುವುದಿಲ್ಲ. ‘ಸದ್ದುಗಳನ್ನು ನಾನೇ ಕೇಳಿ ನೋಡದೆ ತಂದಿದ್ದೆ’ ಅಂತ ಬರೆದು ಸಹಿ ಹಾಕಿದೆ.

ಬಗ್ಗದ,
ನಿನ್ನ ಅಮ್ಮ

ತಾ.ಕ.: ಕೇಳಿ ನೋಡದೆ ತಂದಿದ್ದೆ ಅನ್ನುವುದು ಶುದ್ಧ ಸುಳ್ಳು. ಮೊದಲ ಸಲ ಸಮಿತಿಯ ಮುಂದೆ ಹೋಗುವ ಹಿಂದಿನ ದಿನ, ನೀನು ತೊಳೆದು ಕಳಿಸಿದ ಅರವತ್ತೆರಡನ್ನೂ ಕೂತು ಕೇಳಿದ್ದೆ. ಅಂಗಡಿ ನನಗೆ ಬೇಡ ಅಂತ ನೀನು ಜಗಳವಾಡಿ ಹೋದ ಮೇಲೆ, ಮೂರು ವರ್ಷದಲ್ಲಿ ನನಗಾಗಿ ಮಾಡಿಕೊಟ್ಟಿದ್ದು ಅದೊಂದೇ. ಪಕ್ಕಕ್ಕಿಡಲು ಮನಸ್ಸು ಬರಲಿಲ್ಲ. ಸದ್ದಿನಲ್ಲಿ ಇಲ್ಲದ್ದನ್ನು ಮಾತಿನಲ್ಲೇ ದಾಟಿಸಿಬಿಡುತ್ತೇನೆ ಅಂದುಕೊಂಡೆ.